‘ಫೈನಲ್ ಫ್ಯಾಂಟಸಿ’ ಹದಿನೈದನೆಯ ಕೃತಿ: ಗುಣದೋಷ ವಿವೇಚನೆ

ಜಪಾನಿನಲ್ಲಿ 1987ರಲ್ಲಿ ಆರಂಭವಾದ ‘ಫೈನಲ್ ಫ್ಯಾಂಟಸಿ’ ವಿಡಿಯೋ ಆಟಗಳ ಮಾಲೆಯ ಹದಿನೈದನೆಯ ಕೃತಿ 2016ರ ನವೆಂಬರಿನಲ್ಲಿ ಹೊರಬಂದಿತು. ಇದರ ಕೊರತೆಗಳ ಮೂಲವನ್ನು ಇದರ ನಿರ್ಮಾಣದ ಇತಿಹಾಸದಲ್ಲಿಯೇ ಅರಸಬೇಕೆಂಬುದು ನಮ್ಮ ಅಭಿಪ್ರಾಯ.

2006ರಲ್ಲಿ ಇದು ಹದಿಮೂರನೆಯದರ ಬಳಗಕ್ಕೆ ಸೇರಿದ ಬೇರೊಂದು ಹೆಸರಿನ ಕೃತಿಯೆಂದು ಘೋಷಿತವಾಗಿದ್ದಿತು. 2013ರಲ್ಲಿ ಮಾಲೆಯ ಮುಖ್ಯ ಕೃತಿಯೆನಿಸಿತು. ನಿರ್ದೇಶನವೂ ತೆತ್ಸುಯ ನೊಮುರ ಅವರಿಂದ ಹಾಜಿಮೆ ತಬತ ಅವರ ಕೈಸೇರಿತು.

ಕೃತಿಯ ಜೀವಾಳ ರಾಜಕುಮಾರ ನೊಕ್ಟಿಸ್ ಮತ್ತು ಅವನ ಮೂವರು ಸಂಗಡಿಗರ ಸ್ನೇಹ. ಹಗಲು ಪಯಣಿಸಿ ಇರುಳು ಬಿಡಾರ ಹೂಡುವರು. ಇಗ್ನಿಸ್ ಅಡುಗೆ ಮಾಡುವನು. ಪ್ರಾಂಪ್ಟೊ ತೆಗೆದ ಆ ದಿನದ ಛಾಯಾಚಿತ್ರಗಳಲ್ಲಿ ಬೇಕಾದುವನ್ನು ಆಡುವವನು ಉಳಿಸಿಕೊಳ್ಳುವನು. ಅಂತಿಮ ಯುದ್ಧಕ್ಕೆ ಮುನ್ನ ಅವುಗಳಲ್ಲೊಂದನ್ನು ಆರಿಸಿಕೊಳ್ಳಬೇಕಾಗಿ ಬಂದಾಗ, ಆ ಸಾಮಾನ್ಯ ದಿನಚರಿಯೇ ಕರುಣರಸಕ್ಕೆ ಆಧಾರವಾಗುತ್ತದೆ.

ಆದರೆ ಪೂರ್ವಾರ್ಧದ ವಿಶಾಲ ಬಯಲು ಉತ್ತರಾರ್ಧದಲ್ಲಿ ಇಕ್ಕಟ್ಟಾದ ಹಾದಿಯಾಗುತ್ತದೆ. ರಾಜಧಾನಿಯ ಪತನದಂತಹ ಪ್ರಧಾನ ಘಟನೆಯನ್ನು ಪೂರ್ಣವಾಗಿ ತಿಳಿಯಲು ‘ಕಿಂಗ್ಸ್‌ಗ್ಲೇವ್’ ಚಲನಚಿತ್ರವನ್ನು ನೋಡಬೇಕು. ಹೆಚ್ಚು ಆಕ್ಷೇಪಕ್ಕೊಳಗಾದ ಹದಿಮೂರನೆಯ ಅಧ್ಯಾಯವನ್ನು 2017ರ ಮಾರ್ಚಿನಲ್ಲಿ ಪರಿಷ್ಕರಿಸಲಾಯಿತು. ಅನಂತರ ಉಪಕಥೆಗಳೂ ಸೇರಿದುವು. 2018ರ ನವೆಂಬರಿನಲ್ಲಿ ತಬತ ಅವರ ನಿರ್ಗಮನದ ಪ್ರಕಟಣೆಯೊಡನೆ, ಯೋಜಿತವಾಗಿದ್ದ ನಾಲ್ಕು ಉಪಕಥೆಗಳಲ್ಲಿ ಮೂರು ರದ್ದಾದುವು. ಅವುಗಳ ವಸ್ತು 2019ರಲ್ಲಿ ಕಾದಂಬರಿಯ ರೂಪದಲ್ಲಿ ಪ್ರಕಟವಾಯಿತು.

ಹೀಗಿರಲು ಯಾವ ಪಾಠವನ್ನು ಪ್ರಮಾಣವೆಂದು ಹಿಡಿಯಬೇಕು? ಮೊದಲು ಜನರ ಕೈಸೇರಿದ 2016ರ ಪಾಠವನ್ನೇ ಎಂದು ನಾವು ಭಾವಿಸುತ್ತೇವೆ. ತರುವಾಯದ ಪೂರಣಗಳು ಬೆಲೆಯುಳ್ಳವೇ ಆದರೂ, ಅವು ಮೂಲದ ಕೊರತೆಗೆ ಸಾಕ್ಷಿಯೇ ಹೊರತು ಅದರ ನಿವಾರಣೆಯಲ್ಲ.