ಶ್ರೀರಂಗಪಟ್ಟಣದ ನಾಲೆಯೂ ರೈಲುದಾರಿಯೂ

ಶ್ರೀರಂಗಪಟ್ಟಣದ ಚರಿತ್ರೆಯೆಂದೊಡನೆ 1799ನೆಯ ಇಸವಿ ಮೇ ತಿಂಗಳ 4ನೆಯ ತಾರೀಖಿನ ಯುದ್ಧವು ಎಲ್ಲರ ನೆನಪಿಗೂ ಬರುವುದು ವಾಡಿಕೆಯಾಗಿದೆ. ಯಾತ್ರಿಕರು ಆದಿರಂಗನ ದರ್ಶನವನ್ನು ಮಾಡಿ, ಟಿಪ್ಪು ಸುಲ್ತಾನನು ಮಡಿದ ಸ್ಥಳವನ್ನೂ ನೆಲಮಾಳಿಗೆಯ ಸೆರೆಮನೆಯನ್ನೂ ದರಿಯಾ ದೌಲತ್ತನ್ನೂ ಗುಂಬಜನ್ನೂ ನೋಡಿಕೊಂಡು ಹಿಂದಿರುಗುತ್ತಾರೆ. ಇವೆಲ್ಲವೂ ನೋಡತಕ್ಕವುಗಳೇ ಸರಿ. ಆದರೆ ಕೋಟೆಯು ಬಿದ್ದ ಮೇಲೆಯೂ ಊರು ಉಳಿದಿದೆಯಷ್ಟೆ. ಅದಕ್ಕೆ ಅನ್ನವನ್ನಿತ್ತದ್ದು ನಾಲೆ. ಹೊರಲೋಕದೊಡನೆ ಅದನ್ನು ಸೇರಿಸಿದ್ದು ರೈಲುದಾರಿ. ಇವೆರಡನ್ನೂ ಕಾಪಾಡತಕ್ಕ ಪೂರ್ವಾರ್ಜಿತವೆಂದು ಎಣಿಸುವವರು ವಿರಳ. ಎರಡೂ ಇನ್ನೂ ಕೆಲಸ ಮಾಡುತ್ತಿರುವುದೇ ಅದಕ್ಕೆ ಕಾರಣವೆಂದು ತೋರುತ್ತದೆ. ಹಾಳಾದುದಕ್ಕೆ ಬೇಲಿ ಕಟ್ಟಿ ಫಲಕವನ್ನು ನಿಲ್ಲಿಸುವ ಜನರು, ದುಡಿಯುತ್ತಿರುವುದರ ವಯಸ್ಸನ್ನು ವಿಚಾರಿಸುವುದಿಲ್ಲ.

ಸುತ್ತಲೂ ಹೊಳೆಯೇ ಹರಿಯುವ ದ್ವೀಪಕ್ಕೆ ನಾಲೆಯೇತಕ್ಕೆಂದು ವಾಚಕರು ಕೇಳಬಹುದು. ಕಾವೇರಿಯು ಇಲ್ಲಿ ಬಂಡೆಗಳ ನಡುವೆ ತಗ್ಗಿನಲ್ಲಿ ಹರಿಯುತ್ತದೆ; ದಡವು ಎತ್ತರವಾದದ್ದು. ಆ ನೀರು ಕೊಡಕ್ಕೆ ಬಂದೀತೇ ಹೊರತು ಗದ್ದೆಗೆ ಬಾರದು. ಆದುದರಿಂದ ಹಿಂದಿನವರು ಮೇಲ್ಗಡೆಯಲ್ಲಿ ನದಿಗೆ ಅಡ್ಡಲಾಗಿ ಕಲ್ಲಿನ ಕಟ್ಟೆಗಳನ್ನು ಹಾಕಿದರು. ಇಂಥ ಕಟ್ಟೆಯು ಈಗಿನ ಮಹಾ ಅಣೆಕಟ್ಟುಗಳಂತೆ ನದಿಯನ್ನು ತಡೆದು ನಿಲ್ಲಿಸತಕ್ಕದ್ದಲ್ಲ. ನೀರಿನ ಮಟ್ಟವನ್ನು ಸ್ವಲ್ಪ ಏರಿಸಿ, ಬೇಕಾದಷ್ಟನ್ನು ಪಕ್ಕದ ನಾಲೆಗೆ ತಿರುಗಿಸಿ, ಮಿಕ್ಕದ್ದನ್ನು ತನ್ನ ತಲೆಯ ಮೇಲೆಯೇ ಹರಿಯಗೊಡುವುದು. ನದಿಯು ಬೇಗ ಬೇಗನೆ ಇಳಿದುಹೋದರೆ, ನಾಲೆಯು ನೆಲದ ಉಬ್ಬುತಗ್ಗುಗಳನ್ನು ಬಳಸಿಕೊಂಡು ಮೆಲ್ಲಮೆಲ್ಲನೆ ಇಳಿಯುತ್ತದೆ. ಕೆಲವು ಹರದಾರಿ ಕಳೆಯುವಷ್ಟರಲ್ಲಿ ನದಿ ಕೆಳಗೂ ನಾಲೆ ಮೇಲೂ ಆಗಿ, ನಡುವಿನ ಭೂಮಿಯೆಲ್ಲವೂ ಗದ್ದೆಯಾಗುತ್ತದೆ. ಇಂದಿನ ಮಟ್ಟದ ಯಂತ್ರಗಳಿಲ್ಲದ ಕಾಲದಲ್ಲಿ ಈ ಇಳಿಜಾರನ್ನು ಗುರುತಿಸಿದವರ ಜಾಣ್ಮೆಯು ಯಾವ ಶಾಸನದಲ್ಲಿಯೂ ಬರೆಯಬೇಕಾಗಿಲ್ಲ; ನೀರು ಹರಿಯುತ್ತಿರುವುದೇ ಶಾಸನ.

ರಾಜ ಒಡೆಯರವರು ಪಟ್ಟಣವನ್ನು ಪಡೆದು ರಾಜಧಾನಿಯನ್ನಾಗಿ ಮಾಡಿಕೊಂಡದ್ದು 1610ರಲ್ಲಿ. ಬಂಗಾರದೊಡ್ಡಿ ನಾಲೆಯನ್ನು ಕಂಠೀರವ ನರಸರಾಜ ಒಡೆಯರವರು (1638–1659) ಮಾಡಿಸಿದರೆಂದು ಪ್ರಸಿದ್ಧಿಯುಂಟು. ಇದರ ವಿಶೇಷವೇನೆಂದರೆ, ನೀರನ್ನು ದ್ವೀಪಕ್ಕೆ ತರಬೇಕಾದುದರಿಂದ ನದಿಯ ನೀರನ್ನು ನದಿಯ ಮೇಲೆಯೇ ದಾಟಿಸಬೇಕಾಯಿತು. ಅದಕ್ಕಾಗಿ ಕವಲಿನ ಮೇಲೆ ಕಲ್ಲಿನ ಮೇಲ್ಗಾಲುವೆಯನ್ನು ಕಟ್ಟಿದರು. ಕೆಳಗೆ ಹೊಳೆ, ಮೇಲೆ ನಾಲೆ. ಎರಡೂ ಒಂದೇ ಕಾವೇರಿ! ಚಿಕ್ಕದೇವರಾಜ ಒಡೆಯರವರ ಕಾಲದಲ್ಲಿ (1673–1704) ನಾಲೆಗಳ ಕೆಲಸವು ಇನ್ನೂ ವಿಸ್ತಾರವಾಯಿತು. ಉತ್ತರದ ದಡದ ಚಿಕ್ಕದೇವರಾಜಸಾಗರ ನಾಲೆಯು ಇಂದಿಗೂ ಅವರ ಹೆಸರನ್ನೇ ಹೊತ್ತಿದೆ. ದಕ್ಷಿಣದ ದಡದಲ್ಲಿ ಬಲಮುರಿ ಕಟ್ಟೆಯಿಂದ ವಿರಿಜಾ ನಾಲೆಯು ಹೊರಡುತ್ತದೆ. ಅಷ್ಟಗ್ರಾಮವೆಂಬ ಪ್ರಾಚೀನ ನಾಮಧೇಯವುಳ್ಳ ಈ ಸೀಮೆಯ ಬತ್ತವೂ ಕಬ್ಬೂ ಇಂಥ ನಾಲೆಗಳ ಪ್ರಸಾದ.

ಯುದ್ಧದ ಕಥೆಯಲ್ಲಿಯೂ ನಾಲೆಗೆ ಪಾತ್ರವುಂಟು, ಹೇಳುವವರಿಲ್ಲ ಅಷ್ಟೆ. 1799ನೆಯ ಏಪ್ರಿಲ್ 5ರ ರಾತ್ರಿ ಕರ್ನಲ್ ಆರ್ಥರ್ ವೆಲ್ಲೆಸ್ಲಿಯು ಸುಲ್ತಾನ್‌ಪೇಟೆಯ ತೋಪನ್ನು ಹಿಡಿಯಲು ಹೋಗಿ, ಕತ್ತಲಿನಲ್ಲಿ ದಿಕ್ಕು ತಪ್ಪಿ, ತನ್ನ ಕೆಲವರು ಸೈನಿಕರನ್ನು ಕಳೆದುಕೊಂಡು ಹಿಮ್ಮೆಟ್ಟಿದನು. 1815ರಲ್ಲಿ ವಾಟರ್ಲೂವಿನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ವೆಲಿಂಗ್ಟನ್ ಪ್ರಭುವೇ ಈತ. ಮರುದಿನ ತೋಪೂ ಅಲ್ಲಿಯ ನಾಲೆಯೂ ಇಂಗ್ಲಿಷರ ವಶವಾದವು. ಬತ್ತಕ್ಕೆ ನೀರು ತರಲು ಹಾಕಿದ ನಾಲೆಯ ಏರಿಯು ಮುತ್ತಿಗೆ ಹಾಕಿದವರಿಗೆ ಮರೆಯಾಯಿತು. ಕೋಟೆಯ ಚರಿತ್ರೆಯಿಂದ ನಾಲೆಯನ್ನು ಬೇರ್ಪಡಿಸಿ ನೋಡುವುದು ಸರಿಯಲ್ಲವೆಂಬುದಕ್ಕೆ ಇದೊಂದೇ ಸಾಕು.

ರಾಜಧಾನಿಯು ಮೈಸೂರಿಗೆ ಹೋಯಿತು; ಪಟ್ಟಣವು ಬಡವಾಯಿತು. 1800ರಲ್ಲಿ ಇಲ್ಲಿಗೆ ಬಂದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಸುಲ್ತಾನನ ಕಾಲದಲ್ಲಿ ದ್ವೀಪದ ಜನಸಂಖ್ಯೆಯು ಒಂದೂವರೆ ಲಕ್ಷವಿದ್ದಿತೆಂದು ಅಂದಾಜು ಮಾಡಿದನು. ಅವನು ಬಂದಾಗ ಉಳಿದಿದ್ದವರು ಸುಮಾರು 32,000. ಜ್ವರದ ಹಾವಳಿಯಿಂದ ಕೆಲವು ವರ್ಷಗಳಲ್ಲಿ ಇಂಗ್ಲಿಷರ ದಂಡೂ ಬೆಂಗಳೂರಿಗೆ ತೆರಳಿತು. ಆ ಕಾಲದ ಒಳ್ಳೆಯ ಕೆಲಸವೆಂದರೆ ದಿವಾನ್ ಪೂರ್ಣಯ್ಯನವರ ಮೇಲ್ವಿಚಾರಣೆಯಲ್ಲಿ 1804ರಲ್ಲಿ ಮುಗಿದ ವೆಲ್ಲೆಸ್ಲಿ ಸೇತುವೆಯೊಂದೇ.

ಅನಂತರ ಬಂದದ್ದು ಉಗಿಬಂಡಿ. 1876–78ರ ಘೋರ ಕ್ಷಾಮವು ಕಳೆದ ಕೆಲವೇ ವರ್ಷಗಳಲ್ಲಿ, ಬೆಂಗಳೂರಿನಿಂದ ಮೈಸೂರಿಗೆ 86 ಮೈಲಿಗಳ ಮೀಟರ್ ಗೇಜ್ ದಾರಿಯು 1881–82ರಲ್ಲಿ ಹಂತ ಹಂತವಾಗಿ ತೆರೆಯಲ್ಪಟ್ಟಿತು. ಹತ್ತನೆಯ ಚಾಮರಾಜೇಂದ್ರ ಒಡೆಯರವರಿಗೆ ರಾಜ್ಯವು ಹಿಂದಕ್ಕೆ ಬಂದದ್ದೂ 1881ರಲ್ಲಿಯೇ. ಫಿರಂಗಿಗಳು ಕಷ್ಟಪಟ್ಟು ಒಡೆದ ಕೋಟೆಯನ್ನು ರೈಲಿನವರು ಸುಲಭವಾಗಿ ಸೀಳಿ ಕಂಬಿಯನ್ನು ಹಾಸಿದರು. ಇದನ್ನು ಅಪಚಾರವೆಂದು ದೂರುವವರುಂಟು. ಆದರೆ ಬರಗಾಲದಲ್ಲಿ ಧಾನ್ಯವು ಹಸಿದವರಿರುವೆಡೆಗೆ ಬೇಗ ತಲುಪದೆ ಲಕ್ಷಾಂತರ ಜನರು ಸತ್ತುದನ್ನು ಕಂಡ ತಲೆಮಾರಿಗೆ, ಪಾಳು ಗೋಡೆಗಿಂತ ಕಂಬಿಯು ಹೆಚ್ಚಾಗಿ ಕಂಡದ್ದರಲ್ಲಿ ಆಶ್ಚರ್ಯವಿಲ್ಲ. ಆ ಸೀಳೂ ಈಗ ಚರಿತ್ರೆಯೇ.

ನಾಲೆಗೂ ರೈಲಿಗೂ ಒಂದು ಭೇದವುಂಟು. ನಾಲೆಯು ಹಳೆಯ ಹಾದಿಯಲ್ಲಿಯೇ ಹರಿದು ತನ್ನ ಹಳಮೆಯನ್ನು ಉಳಿಸಿಕೊಳ್ಳುತ್ತದೆ. ರೈಲು ಮುಂದೆ ಹೋದಂತೆಲ್ಲ ತನ್ನ ಹಿಂದಿನ ಗುರುತನ್ನು ತಾನೇ ಅಳಿಸುತ್ತದೆ. 1990ರ ದಶಕದ ಮೊದಲಲ್ಲಿ ಮೀಟರ್ ಗೇಜ್ ಹೋಗಿ ಐದೂವರೆ ಅಡಿಯ ಬ್ರಾಡ್ ಗೇಜ್ ಬಂದಿತು. ಹಿಂದಿನ ಕಂಬಿಯೂ ಇಲ್ಲ, ಆ ಬಂಡಿಯೂ ಇಲ್ಲ. ಕೆಲವು ಎಂಜಿನ್ನುಗಳೂ ಮಹಾರಾಣಿಯವರ ಗಾಡಿಯೂ 1979ರಲ್ಲಿ ಸ್ಥಾಪಿತವಾದ ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯದಲ್ಲಿ ಉಳಿದಿರುವುದು ಪುಣ್ಯ. ಹೆಸರುಗಳೂ ಹೋದವು: ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚರು ಬೀಡುಬಿಟ್ಟಿದ್ದ ಬಂಡೆಗಳ ನೆನಪಿಗಾಗಿ ‘ಫ್ರೆಂಚ್ ರಾಕ್ಸ್’ ಎನಿಸಿದ್ದ ಪಕ್ಕದ ಸ್ಟೇಷನ್ನು ಈಗ ಪಾಂಡವಪುರ.

ಕೋಟೆಗೂ ಕಂಬಿಗೂ ಇದ್ದ ಹಳೆಯ ವ್ಯಾಜ್ಯವು ಜೋಡಿಹಳಿ ಹಾಕುವಾಗ ಮತ್ತೆ ತಲೆಯೆತ್ತಿತು. ಎರಡನೆಯ ಹಳಿಯ ದಾರಿಗೆ ಸುಲ್ತಾನನ ಕಾಲದ ಮದ್ದಿನ ಮನೆಯೊಂದು ಅಡ್ಡವಾಗಿದ್ದಿತು. ಇಟ್ಟಿಗೆ ಗಾರೆಗಳಿಂದ ಕಟ್ಟಿ, ಅರ್ಧ ನೆಲದೊಳಗೆ ಹುದುಗಿಸಿದ್ದ ಕಟ್ಟಡವದು. ಕೆಡವುವುದು ಸಲ್ಲದು, ಹಳಿಯನ್ನು ಬಿಡುವುದೂ ಆಗದು ಎಂದು ಕೆಲಸವು ವರ್ಷಗಟ್ಟಲೆ ನಿಂತಿತು. ಕಡೆಗೆ 2017ರ ಮಾರ್ಚ್ ತಿಂಗಳಿನಲ್ಲಿ, ಸುಮಾರು ಸಾವಿರ ಟನ್ ತೂಕದ ಆ ಕಟ್ಟಡದ ಅಡಿಯಲ್ಲಿ ಉಕ್ಕಿನ ತೊಲೆಗಳನ್ನು ತೂರಿಸಿ, ಜಾಕುಗಳಿಂದ ಎತ್ತಿ, ನೂರು ಮೀಟರಿಗೂ ಹೆಚ್ಚು ದೂರ ಇಡಿಯಾಗಿ ಸಾಗಿಸಿದರು. ಎಂಜಿನಿಯರುಗಳ ಸಾಹಸವು ಶ್ಲಾಘ್ಯವೇ. ಕೆಡವುವುದಕ್ಕಿಂತ ಇದು ಎಷ್ಟೋ ಮೇಲು. ಆದರೂ ಮದ್ದಿನ ಮನೆಯ ಅರ್ಥವಿರುವುದು ಗೋಡೆಯಲ್ಲಿ ಮಾತ್ರವಲ್ಲ, ಸ್ಥಾನದಲ್ಲಿ. ಯಾವ ಗೋಡೆಗೆ ಎಷ್ಟು ಹತ್ತಿರ, ನೆಲದೊಳಗೆ ಎಷ್ಟು ಆಳ ಎಂಬುದೆಲ್ಲವನ್ನೂ ಕಟ್ಟಿದವರು ಯೋಚಿಸಿದ್ದರು. ಹೊಸ ಜಾಗದಲ್ಲಿ ನೋಡುವವನಿಗೆ ಆ ಯೋಚನೆಯು ಹೊಳೆಯದು. ಹಳೆಯ ಸ್ಥಾನದಲ್ಲಿ ಗುರುತಿನ ಕಲ್ಲೊಂದಿರುವುದು ನ್ಯಾಯ.

ನಾಲೆಗೆ ಬಂದಿರುವ ಅಪಾಯವು ಇಷ್ಟು ಕಣ್ಣಿಗೆ ಬೀಳತಕ್ಕದ್ದಲ್ಲ. ಪುರಾತನ ಕಟ್ಟೆಯನ್ನೂ ಮೇಲ್ಗಾಲುವೆಯನ್ನೂ ಯಾರೂ ಕದ್ದೊಯ್ಯುವುದಿಲ್ಲ. ಆದರೆ ಸುಣ್ಣದ ಗಾರೆಯ ಸಂದಿಗೆ ಸಿಮೆಂಟನ್ನು ಮೆತ್ತಿದರೆ, ಗಡುಸಾದ ಸಿಮೆಂಟು ತೇವವನ್ನು ಹೊರಗೆ ಬಿಡದೆ ಒಳಗಿನ ಹಳೆಯ ಗಾರೆಯನ್ನು ಸಡಿಲಮಾಡುತ್ತದೆ. ಕಲ್ಲುಗಳ ಸಂದಿಯಲ್ಲಿ ಬೇರೂರಿದ ಆಲವೋ ಅರಳಿಯೋ ಉಳಿದದ್ದನ್ನು ಮುಗಿಸುತ್ತದೆ. ನೀರು ಪೋಲಾಗದಂತೆ ನಾಲೆಯ ಒಡಲಿಗೆ ಕಾಂಕ್ರೀಟನ್ನು ಹಾಸುವುದು ಕೊನೆಯ ಗದ್ದೆಯ ರೈತನಿಗೆ ಬೇಕಾದದ್ದೇ; ಅದನ್ನು ಪುರಾತನದ ಹೆಸರಿನಲ್ಲಿ ತಡೆಯುವುದು ಅನ್ಯಾಯ. ಆದರೆ ಹಾಸುವುದಕ್ಕೆ ಮುಂಚೆ ಹಳೆಯ ತೂಬು, ಕಲ್ಲುಕಟ್ಟಡ, ಮೇಲ್ಗಾಲುವೆಗಳನ್ನು ಅಳೆದು ನಕ್ಷೆಯನ್ನು ಬರೆದಿಡುವುದಕ್ಕೆ ಆಗುವ ವೆಚ್ಚವು, ಮದ್ದಿನ ಮನೆಯನ್ನು ಸಾಗಿಸಿದ ವೆಚ್ಚದ ಮುಂದೆ ಏನೂ ಅಲ್ಲ. ಯಾವ ತೂಬನ್ನು ಯಾವಾಗ ಎಷ್ಟು ಎತ್ತಬೇಕು, ಯಾವ ಬಯಲಿಗೆ ಮೊದಲ ಸರದಿ ಎಂಬುದನ್ನು ಬಲ್ಲ ನೀರುಗಂಟಿಗಳ ತಿಳಿವಳಿಕೆಯಂತೂ ಕಾಗದದ ಮೇಲೆ ಬರುವುದೇ ಅಪರೂಪ. ಅದನ್ನು ಕೇಳಿ ಬರೆದುಕೊಳ್ಳುವುದಕ್ಕೆ ಉಕ್ಕಿನ ತೊಲೆಯೂ ಬೇಡ, ಜಾಕೂ ಬೇಡ. ಊರಿನ ಶಾಲೆಯ ಮೇಲಿನ ತರಗತಿಯ ಹುಡುಗರು ಬೇಸಗೆಯಲ್ಲಿ, ನಾಲೆಯ ನೀರು ನಿಂತು ಹೂಳು ತೆಗೆಯುವ ದಿನಗಳಲ್ಲಿ, ಮಾಡಬಹುದಾದ ಕೆಲಸವದು.