ಮಲಪ್ರಭೆಯ ಮಹಾಪೂರಗಳು

ಗುಡೂರಿನ ಸೀಮೆಯು ಮಳೆಗಿಂತ ಮಳೆಯ ದಾರಿಯನ್ನು ಕಾಯುವದರಲ್ಲಿಯೇ ಹೆಚ್ಚು ಕಾಲ ಕಳೆದ ನಾಡು. ವರ್ಷಕ್ಕೆ ಸರಾಸರಿ 600 ಮಿಲಿಮೀಟರು ಮಳೆಯೂ ಇಲ್ಲಿ ಬೀಳುವದಿಲ್ಲ. ಆದುದರಿಂದ ಈ ಭಾಗದ ಚರಿತ್ರೆಯನ್ನು ಬರೆಯುವವರು ಬರಗಾಲಗಳನ್ನೆಣಿಸಿ ನಿಲ್ಲುವದು ಸಹಜವೇ. ಆದರೆ ಪಟ್ಟದಕಲ್ಲು, ಐಹೊಳೆಗಳ ಗುಡಿಗಳ ಮಗ್ಗುಲಲ್ಲಿ ಹರಿಯುವ ಮಲಪ್ರಭೆಯು ಬೇರೊಂದು ಚರಿತ್ರೆಯನ್ನು ಹೊತ್ತುಕೊಂಡಿರುವಳು.

ಈ ನದಿಯು ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಸುಮಾರು 300 ಕಿಲೋಮೀಟರು ಹರಿದು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವದು. ಮಳೆ ಸುರಿಯುವದು ಸಹ್ಯಾದ್ರಿಯಲ್ಲಿ, ಹೊಳೆ ತುಂಬುವದು ಬಯಲಲ್ಲಿ. ಇಲ್ಲಿಯ ಒಕ್ಕಲಿಗನು ಮೋಡವಿಲ್ಲದ ಆಕಾಶದ ಕೆಳಗೆ ನಿಂತು ಕೆಂಪು ನೀರು ಏರುವದನ್ನು ನೋಡುತ್ತಿದ್ದನು. ಕುಡಿಯುವ ನೀರಿಗಾಗಿ, ದನಗಳ ಮೇವಿಗಾಗಿ, ನೆರೆ ಇಳಿದ ಮೇಲೆ ಉಳಿಯುವ ಮೆಕ್ಕಲು ಮಣ್ಣಿಗಾಗಿ ಊರುಗಳು ದಂಡೆಯನ್ನು ಬಿಡಲಿಲ್ಲ. ಹಗೇವಿನಲ್ಲಿ ತುಂಬಿಟ್ಟ ಜೋಳಕ್ಕೆ ನೀರು ತಗಲಿದರೆ ಮುಂದಿನ ಸುಗ್ಗಿಯವರೆಗೆ ಮನೆಯವರ ಗತಿಯೇನೆಂಬುದನ್ನು ಊಹಿಸಬಹುದು. ಆದರೂ ನೀರಿನ ಭಯಕ್ಕಿಂತ ನೀರಿಲ್ಲದ ಭಯವೇ ದೊಡ್ಡದಾಗಿದ್ದಿತು.

1970ರ ದಶಕದ ಮೊದಲಲ್ಲಿ ಸವದತ್ತಿಯ ಬಳಿಯ ನವಿಲುತೀರ್ಥದಲ್ಲಿ ಅಣೆಕಟ್ಟು ಪೂರ್ಣವಾದ ಬಳಿಕ ಹೊಳೆಯ ನಡತೆಯೇ ಬದಲಾಯಿತು. ನೀರು ಕಾಲುವೆಗಳಿಗೆ ಹೋಯಿತು. ಕೆಳಗಿನ ಪಾತ್ರವು ವರ್ಷಗಟ್ಟಲೆ ಒಣಗಿತು. ಜಾಲಿಯ ಗಿಡಗಳು ಬೆಳೆದವು, ಹೊಲದ ಬದುಗಳು ಪಾತ್ರದೊಳಕ್ಕೆ ಸರಿದವು. ಹೊಳೆಯ ಅಗಲವೆಷ್ಟೆಂಬ ನೆನಪು ಜನರಿಗೆ ಅಳಿಯುತ್ತ ಬಂದಿತು. ಅಣೆಕಟ್ಟಿನ ಕೆಳಗೆ ಬೆಣ್ಣೆಹಳ್ಳವು ಬಂದು ಕೂಡುವದೆಂಬುದನ್ನು ಮಾತ್ರ ಯಾವ ಅಣೆಕಟ್ಟೂ ತಪ್ಪಿಸಲಾರದಷ್ಟೆ.

2009ನೆಯ ಇಸವಿಯ ಸೆಪ್ಟೆಂಬರ ಕೊನೆಗೆ, ಮಳೆಗಾಲ ಮುಗಿಯಿತೆಂದು ಎಲ್ಲರೂ ಬಗೆದಿದ್ದಾಗ, ಮಳೆಯು ಬಯಲುಸೀಮೆಯ ಮೇಲೆಯೇ ಹಗಲಿರುಳು ಸುರಿಯಿತು. ಬಿಸಿಲನ್ನು ತಡೆಯಲೆಂದು ಕಟ್ಟಿದ ಮೇಲ್ಮುದ್ದೆಯ ಮನೆಗಳು ನೆನೆನೆನೆದು ಕುಸಿದವು. ಹಲವೆಡೆ ಹೊಳೆಯು ಮುಟ್ಟದ ಗೋಡೆಗಳೂ ಉಳಿಯಲಿಲ್ಲ. ಹೊಲದಲ್ಲಿದ್ದ ಈರುಳ್ಳಿ ಕೊಳೆಯಿತು. ಹಿಂಗಾರಿ ಜೋಳದ ಬಿತ್ತನೆ ಕೆಟ್ಟಿತು. ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಮಡಿದರು. ಕುಣಿ ತೋಡಿ ಮಗ್ಗ ಹೂಡಿದ ನೇಕಾರನಿಗಂತೂ ನೀರು ಹೊಸ್ತಿಲು ದಾಟಬೇಕಾಗಿಯೇ ಇಲ್ಲ. ನೆಲದಿಂದ ಜಿನುಗಿದರೂ ಸಾಕು, ಕೆಲಸ ನಿಲ್ಲುವದು.

2019ರ ಆಗಸ್ಟಿನದು ಹಳೆಯ ಬಗೆಯ ನೆರೆ. ಮೇಲೆ ಸಹ್ಯಾದ್ರಿಯ ಮಳೆ, ನಡುವೆ ತುಂಬಿದ ಜಲಾಶಯದಿಂದ ಬಿಟ್ಟ ನೀರು, ಕೆಳಗೆ ಇಕ್ಕಟ್ಟಾದ ಪಾತ್ರ. ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೂ ಐಹೊಳೆಯ ಓಣಿಗಳಿಗೂ ನೀರು ನುಗ್ಗಿತು. ಚಾಲುಕ್ಯರ ಕಲ್ಲು ನಿಂತಿತು. ಪಕ್ಕದ ಮಣ್ಣಿನ ಮನೆಗಳ ಮಾತು ಬೇರೆ.

2009ರ ತರುವಾಯ ಸರಕಾರವು 'ಆಸರೆ' ಎಂಬ ಹೆಸರಿನಿಂದ ಎತ್ತರದ ಜಾಗಗಳಲ್ಲಿ ಹೊಸ ಮನೆಗಳನ್ನು ಕಟ್ಟಿಸಿತು. ಸೂರು ಗಟ್ಟಿಯಾಗಿದ್ದರೂ ಎತ್ತು ಕಟ್ಟಲು, ಬಣವೆ ಒಟ್ಟಲು ಅಲ್ಲಿ ಎಡೆ ಸಾಲದಾಯಿತು. ಹೊಲಗಳಾದರೋ ಹೊಳೆಯ ದಂಡೆಯಲ್ಲಿಯೇ ಉಳಿದವು. ಹಲವರು ಹೊಸ ಮನೆಗೆ ಬೀಗ ಹಾಕಿ, ಹಳೆಯ ಗೋಡೆಗಳನ್ನೇ ಮತ್ತೆ ಮೆತ್ತಿ ದನಕರುಗಳೊಡನೆ ಒಳಹೊಕ್ಕರು.