ಥಾಮಸ್ ಹಾರ್ಡಿ

ಥಾಮಸ್ ಹಾರ್ಡಿ (೨ ಜೂನ್ ೧೮೪೦ – ೧೧ ಜನವರಿ ೧೯೨೮) ಇಂಗ್ಲಿಷ್ ಸಾಹಿತ್ಯದ ಪ್ರಮುಖ ಕಾದಂಬರಿಕಾರ ಹಾಗೂ ಕವಿ. ನೈಋತ್ಯ ಇಂಗ್ಲೆಂಡಿನ ಡಾರ್ಸೆಟ್ ಮತ್ತು ಅದರ ನೆರೆಯ ಜಿಲ್ಲೆಗಳನ್ನು ‘ವೆಸೆಕ್ಸ್’ ಎಂಬ ಪ್ರಾಚೀನ ರಾಜ್ಯದ ಹೆಸರಿನಿಂದ ಕರೆದು, ಅಲ್ಲಿನ ರೈತರು, ಕುರುಬರು, ಹಾಲು ಕರೆಯುವ ಹೆಣ್ಣುಮಕ್ಕಳು, ಕಲ್ಲುಕುಟಿಗರು ಮೊದಲಾದವರ ಬದುಕನ್ನು ಗಂಭೀರ ದುರಂತದ ವಸ್ತುವನ್ನಾಗಿ ಮಾಡಿದ ಕೀರ್ತಿ ಈತನದು. ಹದಿನಾಲ್ಕು ಕಾದಂಬರಿಗಳನ್ನು ಪ್ರಕಟಿಸಿದ ಮೇಲೆ ಆ ಪ್ರಕಾರವನ್ನೇ ತೊರೆದು, ಬಾಳಿನ ಕೊನೆಯ ಮೂವತ್ತು ವರ್ಷಗಳನ್ನು ಕಾವ್ಯಕ್ಕೆ ಮೀಸಲಿಟ್ಟ. ಹೀಗೆ ವಿಕ್ಟೋರಿಯಾ ಯುಗದ ಕಾದಂಬರಿಕಾರನೂ ಇಪ್ಪತ್ತನೆಯ ಶತಮಾನದ ಕವಿಯೂ ಒಬ್ಬನೇ ಆಗಿರುವುದು ಇಂಗ್ಲಿಷ್ ಸಾಹಿತ್ಯದಲ್ಲಿ ಅಪರೂಪದ ಸಂಗತಿ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಹಾರ್ಡಿ ಹುಟ್ಟಿದ್ದು ಡಾರ್ಚೆಸ್ಟರ್ ಪಟ್ಟಣದ ಸಮೀಪದ ಹೈಯರ್ ಬಾಕ್‌ಹ್ಯಾಂಪ್ಟನ್ ಎಂಬ ಹಳ್ಳಿಯಲ್ಲಿ, ಹುಲ್ಲು ಹೊದಿಸಿದ ಮನೆಯೊಂದರಲ್ಲಿ. ಹುಟ್ಟಿದಾಗ ಮಗು ಸತ್ತಿದೆಯೆಂದು ಭಾವಿಸಿ ಪಕ್ಕಕ್ಕಿಡಲಾಗಿತ್ತೆಂದೂ, ಅದರಲ್ಲಿ ಜೀವವಿರುವುದನ್ನು ಸೂಲಗಿತ್ತಿ ಗಮನಿಸಿ ಉಳಿಸಿದಳೆಂದೂ ಹೇಳಲಾಗುತ್ತದೆ. ತಂದೆ ಕಲ್ಲುಕೆಲಸದ ಮೇಸ್ತ್ರಿ. ಪಿಟೀಲು ನುಡಿಸುವುದರಲ್ಲಿ ಪರಿಣತ. ತಾಯಿ ಜೆಮೈಮಾ ಬಡತನದಲ್ಲಿ ಬೆಳೆದರೂ ಓದಿನಲ್ಲಿ ಆಸಕ್ತಿಯುಳ್ಳವಳು. ಹಳ್ಳಿಯ ಹಾಡು, ಕುಣಿತ, ಕಥೆ, ಮೂಢನಂಬಿಕೆ ಇವೆಲ್ಲ ಬಾಲಕನಿಗೆ ಮನೆಯಲ್ಲಿಯೇ ದೊರೆತ ಆಸ್ತಿ.

ಹದಿನಾರನೆಯ ವಯಸ್ಸಿಗೆ ಶಾಲೆ ಮುಗಿಯಿತು. ವಿಶ್ವವಿದ್ಯಾಲಯಕ್ಕೆ ಹೋಗುವಷ್ಟು ಅನುಕೂಲ ಕುಟುಂಬಕ್ಕೆ ಇರಲಿಲ್ಲ. ೧೮೫೬ರಲ್ಲಿ ಡಾರ್ಚೆಸ್ಟರಿನ ಜಾನ್ ಹಿಕ್ಸ್ ಎಂಬ ವಾಸ್ತುಶಿಲ್ಪಿಯ ಬಳಿ ಕೆಲಸ ಕಲಿಯಲು ಸೇರಿದ. ಬೆಳಗಿನ ಜಾವದಲ್ಲಿ ಎದ್ದು ಲ್ಯಾಟಿನ್, ಗ್ರೀಕ್ ಓದಿಕೊಂಡು ಬಳಿಕ ಕಚೇರಿಗೆ ನಡೆಯುವುದು ಆಗಿನ ದಿನಚರಿಯಾಗಿತ್ತು. ಅದೇ ವರ್ಷ ಗಂಡನನ್ನು ಕೊಂದ ಅಪರಾಧಕ್ಕಾಗಿ ಮಾರ್ಥಾ ಬ್ರೌನ್ ಎಂಬಾಕೆಯನ್ನು ಡಾರ್ಚೆಸ್ಟರಿನಲ್ಲಿ ಬಹಿರಂಗವಾಗಿ ಗಲ್ಲಿಗೇರಿಸಿದ್ದನ್ನು ಕಣ್ಣಾರೆ ಕಂಡ. ಆ ದೃಶ್ಯ ವೃದ್ಧಾಪ್ಯದವರೆಗೂ ಹಾರ್ಡಿಯ ಮನಸ್ಸಿನಿಂದ ಮಾಸಲಿಲ್ಲ; ‘ಟೆಸ್’ ಕಾದಂಬರಿಯ ಕೊನೆಯನ್ನು ಓದುವವರಿಗೆ ಇದು ನೆನಪಾಗದೆ ಇರದು.

ಈ ಕಾಲದ ಗೆಳೆಯ ಹೊರೇಸ್ ಮೌಲ್ ಕೇಂಬ್ರಿಜ್‌ನಲ್ಲಿ ಓದಿದವನು. ಪುಸ್ತಕಗಳನ್ನೂ ಹೊಸ ವಿಚಾರಗಳನ್ನೂ ಹಾರ್ಡಿಗೆ ಪರಿಚಯಿಸಿದವನು ಅವನೇ. ಗ್ರೀಕ್ ನಾಟಕಗಳ ಓದಿಗಿಂತ ವೃತ್ತಿಯನ್ನೇ ನೆಚ್ಚಿಕೊಳ್ಳುವುದು ಲೇಸೆಂದು ಬುದ್ಧಿ ಹೇಳಿದವನೂ ಅವನೇ. ೧೮೭೩ರಲ್ಲಿ ಮೌಲ್ ಆತ್ಮಹತ್ಯೆ ಮಾಡಿಕೊಂಡ.

ವಾಸ್ತುಶಿಲ್ಪದಿಂದ ಸಾಹಿತ್ಯಕ್ಕೆ

೧೮೬೨ರಲ್ಲಿ ಹಾರ್ಡಿ ಲಂಡನ್ನಿಗೆ ಹೋಗಿ ಆರ್ಥರ್ ಬ್ಲೂಮ್‌ಫೀಲ್ಡ್‌ನ ಕಚೇರಿಯಲ್ಲಿ ಐದು ವರ್ಷ ದುಡಿದ. ವೃತ್ತಿಯಲ್ಲಿ ಬಹುಮಾನಗಳೂ ಬಂದವು. ಕವಿತೆಗಳನ್ನು ಬರೆದು ಪತ್ರಿಕೆಗಳಿಗೆ ಕಳುಹಿಸಿದ, ಅವು ಹಿಂತಿರುಗಿದವು. ಆರೋಗ್ಯ ಕೆಟ್ಟು ಊರಿಗೆ ಮರಳಿದ ಮೇಲೆ ಬರೆದ ಮೊದಲ ಕಾದಂಬರಿ ‘ದಿ ಪೂರ್ ಮ್ಯಾನ್ ಅಂಡ್ ದಿ ಲೇಡಿ’ ಅಚ್ಚಾಗಲೇ ಇಲ್ಲ. ಅದರ ಹಸ್ತಪ್ರತಿಯನ್ನು ಓದಿದ ಕಾದಂಬರಿಕಾರ ಜಾರ್ಜ್ ಮೆರೆಡಿತ್, ಮೇಲ್ವರ್ಗದ ಮೇಲಿನ ಅದರ ಕಟು ಟೀಕೆ ಹೊಸ ಲೇಖಕನಿಗೆ ಅಪಾಯಕಾರಿಯೆಂದು ಎಚ್ಚರಿಸಿದ. ಕಥಾಸಂವಿಧಾನಕ್ಕೆ ಹೆಚ್ಚು ಗಮನ ಕೊಡುವಂತೆಯೂ ಸೂಚಿಸಿದ. ಹಾರ್ಡಿ ಆ ಮಾತನ್ನು ಪಾಲಿಸಿದನೆಂಬುದಕ್ಕೆ ೧೮೭೧ರ ‘ಡೆಸ್ಪರೇಟ್ ರೆಮಿಡೀಸ್’ ಸಾಕ್ಷಿ. ಅದರಲ್ಲಿ ರಹಸ್ಯಗಳು ಅಗತ್ಯಕ್ಕಿಂತ ಹೆಚ್ಚೇ ಇವೆ.

ಮುಂದಿನ ವರ್ಷದ ‘ಅಂಡರ್ ದಿ ಗ್ರೀನ್‌ವುಡ್ ಟ್ರೀ’ ಹಳ್ಳಿಯ ಚರ್ಚಿನ ವಾದ್ಯಗಾರರನ್ನು ಕುರಿತ ಹಗುರವಾದ, ಹಿತವಾದ ಕೃತಿ. ‘ಎ ಪೇರ್ ಆಫ್ ಬ್ಲೂ ಐಸ್’ (೧೮೭೩) ಕಾದಂಬರಿಯಲ್ಲಿ ಕಡಲ ಕಡಿಬಂಡೆಗೆ ಜೋತುಬಿದ್ದ ನೈಟ್ ಎಂಬಾತ, ತನ್ನ ಮುಖದೆದುರಿನ ಕಲ್ಲಿನಲ್ಲಿ ಕೋಟ್ಯಂತರ ವರ್ಷಗಳ ಹಿಂದಿನ ಜೀವಿಯ ಪಳೆಯುಳಿಕೆಯ ಕಣ್ಣುಗಳನ್ನು ಕಾಣುತ್ತಾನೆ. ಮನುಷ್ಯನ ಆಯುಸ್ಸನ್ನು ಭೂಮಿಯ ಆಯುಸ್ಸಿನ ಪಕ್ಕದಲ್ಲಿಟ್ಟು ನೋಡುವ ಹಾರ್ಡಿಯ ದೃಷ್ಟಿ ಈ ಒಂದು ಸನ್ನಿವೇಶದಲ್ಲಿಯೇ ಸ್ಪಷ್ಟವಾಗುತ್ತದೆ. ೧೮೭೪ರಲ್ಲಿ ಲೆಸ್ಲಿ ಸ್ಟೀಫನ್ ಸಂಪಾದಿಸುತ್ತಿದ್ದ ‘ಕಾರ್ನ್‌ಹಿಲ್’ ಮಾಸಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ‘ಫಾರ್ ಫ್ರಮ್ ದಿ ಮ್ಯಾಡಿಂಗ್ ಕ್ರೌಡ್’ ಹೆಸರನ್ನೂ ಹಣವನ್ನೂ ತಂದಿತು. ‘ವೆಸೆಕ್ಸ್’ ಎಂಬ ಹೆಸರು ಮೊದಲು ಬಳಕೆಯಾದದ್ದು ಈ ಕಾದಂಬರಿಯಲ್ಲಿಯೇ. ಹಾರ್ಡಿ ವಾಸ್ತುಶಿಲ್ಪವನ್ನು ಬಿಟ್ಟು ಲೇಖಕನಾಗಿಯೇ ನಿಂತದ್ದು ಇದರ ನಂತರ.

ವೆಸೆಕ್ಸ್ ಕಾದಂಬರಿಗಳು

ಹಾರ್ಡಿಯ ವೆಸೆಕ್ಸ್‌ನಲ್ಲಿ ನಿಜವಾದ ಊರುಗಳೇ ಬೇರೆ ಹೆಸರಿನಿಂದ ಬರುತ್ತವೆ. ಡಾರ್ಚೆಸ್ಟರ್ ‘ಕ್ಯಾಸ್ಟರ್‌ಬ್ರಿಜ್’ ಆಗುತ್ತದೆ, ಆಕ್ಸ್‌ಫರ್ಡ್ ‘ಕ್ರೈಸ್ಟ್‌ಮಿನ್‌ಸ್ಟರ್’ ಆಗುತ್ತದೆ. ‘ದಿ ರಿಟರ್ನ್ ಆಫ್ ದಿ ನೇಟಿವ್’ (೧೮೭೮) ಕೃತಿಯ ಎಗ್ಡನ್ ಬಯಲು ಹಾರ್ಡಿಯ ಹುಟ್ಟೂರಿನ ಮನೆಯ ಹಿಂಬದಿಯ ಪೊದೆಗಾಡೇ. ಅಲ್ಲಿ ಆ ಬಯಲು ಹಿನ್ನೆಲೆಯಷ್ಟೇ ಅಲ್ಲ, ಪಾತ್ರಗಳಿಗಿಂತ ದೊಡ್ಡದಾದ ಒಂದು ಪಾತ್ರ.

‘ದಿ ಮೇಯರ್ ಆಫ್ ಕ್ಯಾಸ್ಟರ್‌ಬ್ರಿಜ್’ (೧೮೮೬) ಆರಂಭವಾಗುವ ರೀತಿ ಓದುಗರನ್ನು ಬೆಚ್ಚಿಬೀಳಿಸುತ್ತದೆ. ಹುಲ್ಲು ಕೊಯ್ಯುವ ಕೂಲಿ ಮೈಕೆಲ್ ಹೆಂಚರ್ಡ್ ಜಾತ್ರೆಯಲ್ಲಿ ಕುಡಿದು, ಹೆಂಡತಿಯನ್ನು ಮಗುವಿನ ಸಮೇತ ಐದು ಗಿನಿಗಳಿಗೆ ಒಬ್ಬ ನಾವಿಕನಿಗೆ ಮಾರಿಬಿಡುತ್ತಾನೆ. ಇದು ಕೇವಲ ಕಲ್ಪನೆಯಲ್ಲ. ಹೆಂಡತಿಯ ಮಾರಾಟದ ಇಂತಹ ಪ್ರಸಂಗಗಳನ್ನು ಹಾರ್ಡಿ ಹಳೆಯ ಸ್ಥಳೀಯ ಪತ್ರಿಕೆಗಳಲ್ಲಿ ಓದಿ ಟಿಪ್ಪಣಿ ಮಾಡಿಕೊಂಡಿದ್ದ. ಹೆಂಚರ್ಡ್ ಮುಂದೆ ಕುಡಿತ ಬಿಟ್ಟು ಧಾನ್ಯದ ವ್ಯಾಪಾರಿಯಾಗಿ, ಪಟ್ಟಣದ ಮೇಯರ್ ಆಗಿ ಮೇಲೇರುತ್ತಾನೆ. ತನ್ನ ಸ್ವಭಾವದಿಂದಲೇ ಎಲ್ಲವನ್ನೂ ಕಳೆದುಕೊಳ್ಳುತ್ತಾನೆ. ದುರಂತಕ್ಕೆ ವಿಧಿ ಎಷ್ಟು ಕಾರಣ, ಮನುಷ್ಯನ ನಡತೆ ಎಷ್ಟು ಕಾರಣ ಎಂಬ ಪ್ರಶ್ನೆಯನ್ನು ಹಾರ್ಡಿಯ ಇತರ ಕೃತಿಗಳಿಗಿಂತ ಇದು ಹೆಚ್ಚು ನ್ಯಾಯವಾಗಿ ತೂಗಿದೆ. ‘ದಿ ವುಡ್‌ಲ್ಯಾಂಡರ್ಸ್’ (೧೮೮೭) ಕಾಡಿನ ಅಂಚಿನ ಜನರ ಕಥೆ.

‘ಟೆಸ್’ ಮತ್ತು ಸಂಪಾದಕರ ಕತ್ತರಿ

‘ಟೆಸ್ ಆಫ್ ದಿ ಡರ್ಬರ್‌ವಿಲ್ಸ್’ (೧೮೯೧) ಬಡ ಕುಟುಂಬದ ಹುಡುಗಿ ಟೆಸ್ ಡರ್ಬಿಫೀಲ್ಡ್‌ಳ ಕಥೆ. ತನ್ನ ವಂಶ ಒಂದು ಕಾಲದಲ್ಲಿ ಶ್ರೀಮಂತ ಡರ್ಬರ್‌ವಿಲ್ ಮನೆತನವಾಗಿತ್ತೆಂದು ತಂದೆಗೆ ಪಾದ್ರಿಯೊಬ್ಬನಿಂದ ತಿಳಿಯುವುದೇ ಕಷ್ಟಗಳ ಆರಂಭ. ಮನೆಯ ಕುದುರೆ ಸತ್ತು ಜೀವನೋಪಾಯ ತಪ್ಪಿದಾಗ ಟೆಸ್, ಡರ್ಬರ್‌ವಿಲ್ ಎಂಬ ಹೆಸರನ್ನಿಟ್ಟುಕೊಂಡ ಹೊಸ ಶ್ರೀಮಂತರ ಮನೆಗೆ ಕೆಲಸಕ್ಕೆ ಹೋಗುತ್ತಾಳೆ. ಆ ಮನೆಯ ಮಗ ಅಲೆಕ್‌ನಿಂದ ಕೆಡುತ್ತಾಳೆ. ಹುಟ್ಟಿದ ಮಗು ತೀರಿಕೊಳ್ಳುತ್ತದೆ. ಬಳಿಕ ಹಾಲಿನ ಕೊಟ್ಟಿಗೆಯೊಂದರಲ್ಲಿ ಕೆಲಸ ಮಾಡುವಾಗ ಪಾದ್ರಿಯ ಮಗ ಏಂಜಲ್ ಕ್ಲೇರ್ ಅವಳನ್ನು ಪ್ರೀತಿಸಿ ಮದುವೆಯಾಗುತ್ತಾನೆ. ಮದುವೆಯ ರಾತ್ರಿ ಅವನು ತನ್ನ ಹಿಂದಿನ ತಪ್ಪನ್ನು ಹೇಳಿಕೊಂಡಾಗ ಅವಳು ಕ್ಷಮಿಸುತ್ತಾಳೆ. ಅವಳು ತನ್ನದನ್ನು ಹೇಳಿದಾಗ ಅವನಿಂದ ಕ್ಷಮಿಸಲಾಗುವುದಿಲ್ಲ. ಅವಳನ್ನು ಬಿಟ್ಟು ಬ್ರೆಜಿಲ್‌ಗೆ ಹೊರಟುಹೋಗುತ್ತಾನೆ. ಕಾದಂಬರಿಯ ಇಡೀ ನೈತಿಕ ಭಾರ ಈ ಒಂದು ರಾತ್ರಿಯ ಮೇಲೆ ನಿಂತಿದೆಯೆಂದರೆ ತಪ್ಪಾಗದು. ಕೊನೆಯಲ್ಲಿ ಟೆಸ್ ಅಲೆಕ್‌ನನ್ನು ಕೊಂದು, ಸ್ಟೋನ್‌ಹೆಂಜ್‌ನ ಪುರಾತನ ಶಿಲೆಗಳ ನಡುವೆ ಬಂಧಿತಳಾಗಿ, ಗಲ್ಲಿಗೇರುತ್ತಾಳೆ.

ಆ ಕಾಲದಲ್ಲಿ ಕಾದಂಬರಿಗಳು ಪುಸ್ತಕವಾಗುವ ಮುನ್ನ ಪತ್ರಿಕೆಗಳಲ್ಲಿ ಬರುತ್ತಿದ್ದವು. ಪತ್ರಿಕೆ ಮನೆಯವರೆಲ್ಲರ ಮುಂದೆ ಓದಲು ಯೋಗ್ಯವಾಗಿರಬೇಕೆಂಬುದು ಸಂಪಾದಕರ ನಿಯಮ. ಚಂದಾ ಗ್ರಂಥಾಲಯಗಳ ಅಂಕೆ ಬೇರೆ. ಮೊದಲು ಒಪ್ಪಿಕೊಂಡಿದ್ದ ಸಂಸ್ಥೆಯೊಂದು ಅಚ್ಚಿನ ಮೊಳೆಗಳಲ್ಲಿ ಕಥೆಯನ್ನು ಕಂಡು ಹಿಂಜರಿಯಿತು. ‘ಮರೀಸ್’ ಮತ್ತು ‘ಮ್ಯಾಕ್ಮಿಲನ್ಸ್’ ಪತ್ರಿಕೆಗಳು ನಿರಾಕರಿಸಿದವು. ಕಡೆಗೆ ‘ದಿ ಗ್ರಾಫಿಕ್’ ವಾರಪತ್ರಿಕೆಗಾಗಿ ಹಾರ್ಡಿ ತನ್ನ ಕೃತಿಯನ್ನು ತಾನೇ ಕತ್ತರಿಸಿದ. ಟೆಸ್ ಕೆಡುವ ಅಧ್ಯಾಯದ ಬದಲು ಒಂದು ಸುಳ್ಳು ಮದುವೆಯ ಕಥೆ ಬಂತು. ಮಗುವಿಗೆ ಟೆಸ್ ತಾನೇ ದೀಕ್ಷಾಸ್ನಾನ ಮಾಡಿಸುವ, ಕೃತಿಯ ಅತ್ಯಂತ ಮನಮಿಡಿಯುವ ಭಾಗ ಬಿಟ್ಟುಹೋಯಿತು. ಎಲ್ಲಕ್ಕಿಂತ ವಿಚಿತ್ರವಾದ ಬದಲಾವಣೆ ನೀರು ತುಂಬಿದ ಓಣಿಯ ಪ್ರಸಂಗದಲ್ಲಿದೆ. ಮೂಲದಲ್ಲಿ ಏಂಜಲ್ ನಾಲ್ವರು ಹುಡುಗಿಯರನ್ನು ಒಬ್ಬೊಬ್ಬರಾಗಿ ಎತ್ತಿಕೊಂಡು ದಾಟಿಸುತ್ತಾನೆ. ಗಂಡಸೊಬ್ಬ ಹುಡುಗಿಯರನ್ನು ಹಾಗೆ ಎತ್ತಿಕೊಳ್ಳುವುದು ಸಭ್ಯವಲ್ಲವೆಂದು, ಪತ್ರಿಕೆಯಲ್ಲಿ ಅವರನ್ನು ಒಂದು ಕೈಗಾಡಿಯಲ್ಲಿ ಕೂರಿಸಿ ತಳ್ಳಿಸಲಾಯಿತು.

ಪುಸ್ತಕವಾಗಿ ಬಂದಾಗ ಕತ್ತರಿಸಿದ್ದನ್ನೆಲ್ಲ ಹಾರ್ಡಿ ಮತ್ತೆ ಜೋಡಿಸಿದ. ಅಷ್ಟೇ ಅಲ್ಲದೆ ಟೆಸ್ ಪರಿಶುದ್ಧ ಹೆಣ್ಣು ಎಂಬ ಅರ್ಥದ ಉಪಶೀರ್ಷಿಕೆಯನ್ನೂ ಸೇರಿಸಿದ. ಕೊಲೆಗಾತಿಯೂ ಸಮಾಜದ ಕಣ್ಣಿಗೆ ಪತಿತೆಯೂ ಆದವಳನ್ನು ಹಾಗೆ ಕರೆದದ್ದೇ ವಿಮರ್ಶಕರನ್ನು ಕೆರಳಿಸಿತು. ಪುಸ್ತಕವಂತೂ ಚೆನ್ನಾಗಿ ಮಾರಾಟವಾಯಿತು.

‘ಜೂಡ್’ ಮತ್ತು ಕಾದಂಬರಿಗೆ ವಿದಾಯ

೧೮೯೫ರಲ್ಲಿ ಹೊರಬಂದ ‘ಜೂಡ್ ದಿ ಅಬ್ಸ್‌ಕ್ಯೂರ್’ ಇನ್ನೂ ಕಠೋರವಾದ ಕೃತಿ. ಕಲ್ಲುಕುಟಿಗ ಜೂಡ್ ಫಾಲಿ ಸ್ವಂತ ಶ್ರಮದಿಂದ ಲ್ಯಾಟಿನ್, ಗ್ರೀಕ್ ಕಲಿತು ಕ್ರೈಸ್ಟ್‌ಮಿನ್‌ಸ್ಟರ್‌ನ ವಿದ್ಯಾಲಯ ಸೇರಲು ಹಂಬಲಿಸುತ್ತಾನೆ. ನಿನ್ನ ಕಸುಬಿನಲ್ಲಿಯೇ ಇರುವುದು ಒಳ್ಳೆಯದು ಎಂಬ ಅರ್ಥದ ಸಣ್ಣ ಪತ್ರವೊಂದು ಅಲ್ಲಿಂದ ಬರುತ್ತದೆ. ವಿದ್ಯಾಲಯದ ಗೋಡೆಗಳ ಕಲ್ಲನ್ನು ದುರಸ್ತಿ ಮಾಡುವವನಿಗೆ ಒಳಗೆ ಪ್ರವೇಶವಿಲ್ಲ. ಬಡವನ ವಿದ್ಯಾಭ್ಯಾಸದ ಪ್ರಶ್ನೆಯನ್ನು ಇಷ್ಟು ನೇರವಾಗಿ ಎತ್ತಿದ ಕಾದಂಬರಿ ಅದಕ್ಕೆ ಮೊದಲು ಇಂಗ್ಲಿಷಿನಲ್ಲಿ ವಿರಳ. ಆದರೆ ಗದ್ದಲವೆದ್ದದ್ದು ಅದಕ್ಕಾಗಿ ಅಲ್ಲ. ಜೂಡ್ ಮತ್ತು ಅವನ ಸೋದರ ಸಂಬಂಧಿ ಸೂ ಬ್ರೈಡ್‌ಹೆಡ್ ಮದುವೆಯಿಲ್ಲದೆ ಒಟ್ಟಿಗೆ ಬಾಳುವುದು, ಅವರ ಮಕ್ಕಳ ಭೀಕರ ಸಾವು ಇವು ಓದುಗರನ್ನು ತಲ್ಲಣಗೊಳಿಸಿದವು. ಪತ್ರಿಕೆಯೊಂದು ಕೃತಿಯ ಹೆಸರನ್ನೇ ತಿರುಚಿ ಅಶ್ಲೀಲವೆಂದು ಹೀಗಳೆಯಿತು. ಕಾದಂಬರಿಕಾರ್ತಿ ಮಾರ್ಗರೆಟ್ ಆಲಿಫೆಂಟ್ ವಿವಾಹ ಪದ್ಧತಿಯ ಮೇಲಿನ ದಾಳಿಯೆಂದು ಇದನ್ನು ಖಂಡಿಸಿದಳು. ವೇಕ್‌ಫೀಲ್ಡ್‌ನ ಬಿಷಪ್ ಪುಸ್ತಕವನ್ನು ಬೆಂಕಿಗೆ ಹಾಕಿದ್ದಾಗಿ ಪತ್ರಿಕೆಗೆ ಬರೆದ.

ಈ ಅನುಭವ ಕಾದಂಬರಿ ಬರೆಯುವ ಆಸೆಯನ್ನು ತನ್ನಿಂದ ಸಂಪೂರ್ಣ ತೊಲಗಿಸಿತೆಂದು ಹಾರ್ಡಿ ೧೯೧೨ರಲ್ಲಿ ಹೇಳಿಕೊಂಡಿದ್ದಾನೆ. ಇದು ಪೂರ್ಣ ಸತ್ಯವಾಗಿರಲಾರದು. ಕಾವ್ಯವೇ ಹಾರ್ಡಿಯ ಮೊದಲ ಒಲವು. ಕಾದಂಬರಿಗಳಿಂದ ಬಂದ ಹಣ ಈಗ ಆ ಒಲವಿಗೆ ಮರಳುವ ಸ್ವಾತಂತ್ರ್ಯ ಕೊಟ್ಟಿತ್ತು. ಮೊದಲೇ ಧಾರಾವಾಹಿಯಾಗಿ ಬಂದಿದ್ದ ‘ದಿ ವೆಲ್-ಬಿಲವ್ಡ್’ ಪರಿಷ್ಕೃತವಾಗಿ ೧೮೯೭ರಲ್ಲಿ ಪುಸ್ತಕವಾದುದನ್ನು ಬಿಟ್ಟರೆ ಆಮೇಲೆ ಕಾದಂಬರಿ ಬರಲಿಲ್ಲ.

ಎಮ್ಮಾ ಮತ್ತು ಕಾವ್ಯ

೧೮೭೦ರ ಮಾರ್ಚ್ ೭ರಂದು ಚರ್ಚೊಂದರ ಜೀರ್ಣೋದ್ಧಾರದ ಕೆಲಸಕ್ಕೆ ಕಾರ್ನ್‌ವಾಲ್‌ನ ಸೇಂಟ್ ಜೂಲಿಯಟ್‌ಗೆ ಹೋದಾಗ ಹಾರ್ಡಿಗೆ ಎಮ್ಮಾ ಲವೀನಿಯಾ ಗಿಫರ್ಡ್‌ಳ ಪರಿಚಯವಾಯಿತು. ೧೮೭೪ರಲ್ಲಿ ಮದುವೆ ನಡೆಯಿತು. ಮಕ್ಕಳಾಗಲಿಲ್ಲ. ೧೮೮೫ರಿಂದ ದಂಪತಿಗಳು ಡಾರ್ಚೆಸ್ಟರಿನ ಹೊರಭಾಗದಲ್ಲಿ ಹಾರ್ಡಿಯೇ ನಕ್ಷೆ ಬರೆದು ಕಟ್ಟಿಸಿದ ‘ಮ್ಯಾಕ್ಸ್ ಗೇಟ್’ ಮನೆಯಲ್ಲಿ ವಾಸಿಸಿದರು. ವರ್ಷಗಳು ಕಳೆದಂತೆ ಮನಸ್ಸುಗಳು ದೂರವಾದವು. ಕೊನೆಗಾಲದಲ್ಲಿ ಎಮ್ಮಾ ಮನೆಯ ಅಟ್ಟದ ಕೋಣೆಗಳಲ್ಲಿ ಬೇರೆಯಾಗಿಯೇ ಇರುತ್ತಿದ್ದಳು. ೧೯೧೨ರ ನವೆಂಬರ್ ೨೭ರಂದು ಆಕೆ ಅನಿರೀಕ್ಷಿತವಾಗಿ ತೀರಿಕೊಂಡಳು.

ಆಕೆಯ ಕಾಗದಪತ್ರಗಳ ನಡುವೆ ಗಂಡನನ್ನು ಕುರಿತ ಕಹಿಯಾದ ಬರಹಗಳೂ, ತನ್ನ ಬಾಲ್ಯ ಮತ್ತು ಕಾರ್ನ್‌ವಾಲ್‌ನ ದಿನಗಳನ್ನು ನೆನೆದ ಬರಹವೂ ಹಾರ್ಡಿಗೆ ಸಿಕ್ಕಿದವು. ಮೊದಲನೆಯದನ್ನು ಸುಟ್ಟ, ಎರಡನೆಯದನ್ನು ಉಳಿಸಿಕೊಂಡ. ಮರುವರ್ಷ ಮಾರ್ಚ್‌ನಲ್ಲಿ ಎಪ್ಪತ್ತೆರಡರ ಈ ಮುದುಕ ಒಂದು ಕಾಲದಲ್ಲಿ ಇಬ್ಬರೂ ಓಡಾಡಿದ್ದ ಕಡಲ ದಂಡೆಗೆ ಯಾತ್ರೆ ಹೋದ. ಆ ತಿಂಗಳುಗಳಲ್ಲಿ ಹುಟ್ಟಿದ ‘೧೯೧೨–೧೩ರ ಕವಿತೆಗಳು’ (ಸಂಕಲನ: ‘ಸಟೈರ್ಸ್ ಆಫ್ ಸರ್ಕಮ್‌ಸ್ಟೆನ್ಸ್’, ೧೯೧೪) ಇಂಗ್ಲಿಷಿನ ಶೋಕಗೀತೆಗಳಲ್ಲಿ ಅತ್ಯುತ್ತಮವಾದವು. ತೀರಿಹೋದವಳನ್ನು ಅವು ದೇವತೆಯಾಗಿಸುವುದಿಲ್ಲ. ಬದುಕಿರುವಾಗ ಆಡದೆ ಉಳಿದ ಮಾತುಗಳ ಪಶ್ಚಾತ್ತಾಪವೇ ಅವುಗಳ ಹುರುಳು. ೧೯೧೪ರಲ್ಲಿ ಹಾರ್ಡಿ ತನ್ನ ಕಾರ್ಯದರ್ಶಿಯಂತೆ ನೆರವಾಗುತ್ತಿದ್ದ ಫ್ಲಾರೆನ್ಸ್ ಡಗ್‌ಡೇಲ್‌ಳನ್ನು ಮದುವೆಯಾದ. ಆಗಲೂ ಎಮ್ಮಾಳನ್ನು ಕುರಿತ ಕವಿತೆಗಳು ನಿಲ್ಲಲಿಲ್ಲ. ಫ್ಲಾರೆನ್ಸ್‌ಳಿಗೆ ಇದು ಸುಲಭದ ಸಂಸಾರವಾಗಿರಲಿಲ್ಲ.

ಒಟ್ಟು ಎಂಟು ಸಂಕಲನಗಳಲ್ಲಿ ಒಂಬೈನೂರಕ್ಕೂ ಹೆಚ್ಚು ಕವಿತೆಗಳಿವೆ. ಬೋಯರ್ ಯುದ್ಧದಲ್ಲಿ ಮಡಿದ ಹಳ್ಳಿಯ ಹುಡುಗನನ್ನು ಕುರಿತ ‘ಡ್ರಮ್ಮರ್ ಹಾಜ್’, ಶತಮಾನದ ಕೊನೆಯ ಚಳಿಗಾಲದ ಸಂಜೆಯಲ್ಲಿ ಹಾಡುವ ಮುದಿ ಹಕ್ಕಿಯ ‘ದಿ ಡಾರ್ಕ್ಲಿಂಗ್ ಥ್ರಷ್’, ಟೈಟಾನಿಕ್ ಹಡಗಿನ ಮುಳುಗಡೆಯನ್ನು ಕುರಿತ ‘ದಿ ಕನ್ವರ್ಜೆನ್ಸ್ ಆಫ್ ದಿ ಟ್ವೈನ್’ ಪ್ರಸಿದ್ಧವಾದವು. ನೆಪೋಲಿಯನ್ ಯುದ್ಧಗಳನ್ನು ವಸ್ತುವಾಗುಳ್ಳ ‘ದಿ ಡೈನಾಸ್ಟ್ಸ್’ (೧೯೦೪–೧೯೦೮) ಮೂರು ಭಾಗಗಳ ಮಹಾನಾಟಕ. ಇಂದು ಹೆಚ್ಚಾಗಿ ಓದುವವರಿಲ್ಲ. ವಿದ್ಯಾರ್ಥಿಗಳು ಹಾರ್ಡಿಯನ್ನು ಸಾಮಾನ್ಯವಾಗಿ ‘ನಿರಾಶಾವಾದಿ’ ಎಂಬ ಒಂದೇ ಮಾತಿನಿಂದ ಗುರುತಿಸುತ್ತಾರೆ. ಹಾರ್ಡಿ ಈ ಹಣೆಪಟ್ಟಿಯನ್ನು ಒಪ್ಪಲಿಲ್ಲ. ಕೇಡನ್ನು ಪೂರ್ತಿಯಾಗಿ ದಿಟ್ಟಿಸಿ ನೋಡಿದ ಹೊರತು ಸುಧಾರಣೆಗೆ ದಾರಿಯಿಲ್ಲವೆಂಬುದು ಆತನ ನಿಲುವು.

ಕೊನೆಯ ದಿನಗಳು

ಹಾರ್ಡಿಗೆ ೧೯೧೦ರಲ್ಲಿ ‘ಆರ್ಡರ್ ಆಫ್ ಮೆರಿಟ್’ ಗೌರವ ದೊರೆಯಿತು. ೧೯೨೮ರ ಜನವರಿ ೧೧ರಂದು ಮ್ಯಾಕ್ಸ್ ಗೇಟ್‌ನಲ್ಲಿ ನಿಧನ. ಎಮ್ಮಾಳ ಪಕ್ಕದಲ್ಲಿ, ಹಿರಿಯರ ಜೊತೆ, ಸ್ಟಿನ್ಸ್‌ಫರ್ಡ್ ಚರ್ಚಿನ ಅಂಗಳದಲ್ಲಿ ಮಣ್ಣಾಗಬೇಕೆಂಬುದು ಹಾರ್ಡಿಯ ಇಚ್ಛೆಯಾಗಿತ್ತು. ದೇಶದ ಗಣ್ಯರು ವೆಸ್ಟ್‌ಮಿನ್‌ಸ್ಟರ್ ಅಬ್ಬೆಯೇ ತಕ್ಕ ಸ್ಥಳವೆಂದರು. ಕೊನೆಗೆ ಹೃದಯವನ್ನು ಬೇರ್ಪಡಿಸಿ ಸ್ಟಿನ್ಸ್‌ಫರ್ಡ್‌ನಲ್ಲಿ ಹೂಳಲಾಯಿತು. ಚಿತಾಭಸ್ಮ ಅಬ್ಬೆಯ ಕವಿಗಳ ಮೂಲೆಯನ್ನು ಸೇರಿತು. ಅಲ್ಲಿ ಪೆಟ್ಟಿಗೆಗೆ ಹೆಗಲಾದವರಲ್ಲಿ ಪ್ರಧಾನಿ ಬಾಲ್ಡ್‌ವಿನ್, ಬರ್ನಾರ್ಡ್ ಷಾ, ಕಿಪ್ಲಿಂಗ್, ಹೌಸ್‌ಮನ್ ಇದ್ದರು. ಫ್ಲಾರೆನ್ಸ್‌ಳ ಹೆಸರಿನಲ್ಲಿ ಎರಡು ಸಂಪುಟಗಳಾಗಿ ಬಂದ ಜೀವನಚರಿತ್ರೆಯ ಬಹುಭಾಗವನ್ನು ಹಾರ್ಡಿ ತಾನೇ ಗುಟ್ಟಾಗಿ ಬರೆದಿಟ್ಟಿದ್ದನೆಂಬುದು ಅನಂತರ ತಿಳಿಯಿತು. ಆದ್ದರಿಂದ ಅದನ್ನು ಆಧಾರವಾಗಿ ಬಳಸುವಾಗ ಎಚ್ಚರ ಅಗತ್ಯ.

ಹುಟ್ಟಿದ ಮನೆ ಮತ್ತು ಮ್ಯಾಕ್ಸ್ ಗೇಟ್ ಎರಡೂ ನ್ಯಾಷನಲ್ ಟ್ರಸ್ಟ್‌ನ ರಕ್ಷಣೆಯಲ್ಲಿವೆ. ಓದುಕೋಣೆಯನ್ನು ಡಾರ್ಚೆಸ್ಟರಿನ ವಸ್ತುಸಂಗ್ರಹಾಲಯದಲ್ಲಿ ಮರುರಚಿಸಲಾಗಿದೆ. ಎಮ್ಮಾಳನ್ನು ಮೊದಲು ಕಂಡ ಮಾರ್ಚ್ ೭ನೆಯ ತಾರೀಖಿಗೆ ಹಾರ್ಡಿ ನಿಲ್ಲಿಸಿಟ್ಟಿದ್ದ ಮೇಜಿನ ಕ್ಯಾಲೆಂಡರ್ ಪ್ರಸಿದ್ಧವಾಗಿದೆ.

ಚಲನಚಿತ್ರಗಳು

ಹಾರ್ಡಿಯ ಕೃತಿಗಳನ್ನು ಆಧರಿಸಿದ ಚಿತ್ರಗಳಲ್ಲಿ ಜಾನ್ ಶ್ಲೆಸಿಂಜರ್ ನಿರ್ದೇಶನದ ‘ಫಾರ್ ಫ್ರಮ್ ದಿ ಮ್ಯಾಡಿಂಗ್ ಕ್ರೌಡ್’ (೧೯೬೭), ರೋಮನ್ ಪೊಲಾನ್ಸ್ಕಿಯ ‘ಟೆಸ್’ (೧೯೭೯), ಮೈಕೆಲ್ ವಿಂಟರ್‌ಬಾಟಮ್‌ನ ‘ಜೂಡ್’ (೧೯೯೬) ಮುಖ್ಯವಾದವು. ವಿಂಟರ್‌ಬಾಟಮ್ ‘ಟೆಸ್’ ಕಥೆಯನ್ನು ರಾಜಸ್ಥಾನಕ್ಕೆ ತಂದು, ಫ್ರೀಡಾ ಪಿಂಟೊ ಅಭಿನಯದಲ್ಲಿ ‘ತೃಷ್ಣಾ’ (೨೦೧೧) ಚಿತ್ರವನ್ನೂ ಮಾಡಿದ್ದಾನೆ.